ಮಳೆಕಾಡಿನ ಒಂದು ದಿನದ ಚಾರಣ: ಬಳಕೆದಾರರ ಕೈಪಿಡಿ

ಮಳೆಕಾಡಿನ ಚಾರಣವನ್ನು ಆರಿಸಿಕೊಂಡಿದ್ದಕ್ಕೆ ಧನ್ಯವಾದಗಳು. ಇನ್ನೂ ಮುಂಗಡ ಕಟ್ಟಿಲ್ಲವಾದರೆ ಅಭಿನಂದನೆಗಳು ಕೂಡ. ಬಳಕೆಗೆ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದತಕ್ಕದ್ದು. ಮಿಕ್ಸಿ ಕೊಂಡಾಗ ನೀವು ಓದಿರಲಿಕ್ಕಿಲ್ಲ, ಪರವಾಗಿಲ್ಲ. ಮಿಕ್ಸಿಗೆ ಆಫ್ ಮಾಡುವ ಗುಂಡಿ ಇರುತ್ತದೆ.

ಈ ಕೈಪಿಡಿ ಕರ್ನಾಟಕದ ಪಶ್ಚಿಮಘಟ್ಟದ ಮಾದರಿಗಳಿಗೆ ಮಾತ್ರ ಅನ್ವಯಿಸುತ್ತದೆ. 2012ರಲ್ಲಿ ಯುನೆಸ್ಕೊ ಪಶ್ಚಿಮಘಟ್ಟದ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಅದರಲ್ಲಿ 10 ನಮ್ಮ ರಾಜ್ಯದವು. ಇಡೀ ವಿಶ್ವದ ಆಸ್ತಿ ಅಂದ ಮೇಲೆ ನಮಗೂ ಒಂದು ಪಾಲಿದೆಯಲ್ಲ ಎಂದುಕೊಂಡು ಶುಕ್ರವಾರ ರಾತ್ರಿ ಬೆಂಗಳೂರಿನಲ್ಲಿ ಟೆಂಪೊ ಟ್ರಾವೆಲರ್ ಹತ್ತುವವರಿಗಾಗಿ ಇದನ್ನು ಸಿದ್ಧಪಡಿಸಲಾಗಿದೆ.

1. ಪೆಟ್ಟಿಗೆಯಲ್ಲಿ ಏನೇನಿದೆ

ಪೆಟ್ಟಿಗೆ ತೆರೆದ ಕೂಡಲೇ ಕೆಳಗಿನ ಬಿಡಿಭಾಗಗಳು ಇವೆಯೇ ಎಂದು ಪರಿಶೀಲಿಸಿ.

ಮಾರ್ಗದರ್ಶಿ, ಒಬ್ಬರು. ಇಲ್ಲದಿದ್ದರೆ ಪೆಟ್ಟಿಗೆಯನ್ನು ಹಾಗೆಯೇ ಹಿಂದಿರುಗಿಸಿ.

ಜೀಪು, ಒಂದು. ಕೂರಲು ಎಷ್ಟು ಜಾಗವಿದೆ ಎಂದು ಕಂಪನಿ ಹೇಳುತ್ತದೋ ಅದಕ್ಕೆ ಐದು ಸೇರಿಸಿಕೊಳ್ಳಿ.

ಬುತ್ತಿ, ತಲೆಗೊಂದು. ಬೆಳಿಗ್ಗೆ ಆರಕ್ಕೆ ಕಟ್ಟಿದ ಪುಳಿಯೋಗರೆ. ಮಧ್ಯಾಹ್ನ ಒಂದಕ್ಕೆ ಅದು ಅಮೃತವಾಗುತ್ತದೆ. ಅದಕ್ಕೆ ನೀವೇನೂ ಮಾಡಬೇಕಾಗಿಲ್ಲ, ಹತ್ತಿದರೆ ಸಾಕು.

ಇಂಬಳ. ಎಣಿಸಿ ಕೊಡುವ ಪದ್ಧತಿ ಇಲ್ಲ.

ಮಳೆ, ಋತುಮಾನಕ್ಕೆ ತಕ್ಕಂತೆ. ಬೆಂಗಳೂರಿಗೆ ವರ್ಷವಿಡೀ ಬೀಳುವುದು ಸುಮಾರು 1,000 ಮಿಲಿಮೀಟರ್. ಆಗುಂಬೆಯ ವಾರ್ಷಿಕ ಸರಾಸರಿ 7,000 ದಾಟುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳಲ್ಲೇ. ಹಾಗಾಗಿ ನೂರು ರೂಪಾಯಿಯ ಪ್ಲಾಸ್ಟಿಕ್ ರೇನ್‌ಕೋಟ್ ಈ ಉತ್ಪನ್ನದೊಂದಿಗೆ ಹೊಂದಿಕೊಳ್ಳುವುದಿಲ್ಲ.

ಪೆಟ್ಟಿಗೆಯಲ್ಲಿ ಇಲ್ಲದವು: ಹುಲಿ, ಸೂರ್ಯಾಸ್ತ, ಮೊಬೈಲ್ ನೆಟ್‌ವರ್ಕ್, ಜಾಹೀರಾತಿನ ಫೋಟೊದಲ್ಲಿದ್ದ ನೀಲಿ ಆಕಾಶ. ಆ ಫೋಟೊ ನವೆಂಬರಿನದು. ನೀವು ಹೊರಟಿರುವುದು ಜುಲೈನಲ್ಲಿ.

2. ಮಾದರಿಯನ್ನು ಆರಿಸುವುದು

ಮಳೆಕಾಡು ನೋಡಬೇಕು ಎಂದು ಹೊರಟವರಲ್ಲಿ ಹೆಚ್ಚಿನವರು ಕೊಳ್ಳುವುದು ಹುಲ್ಲುಗಾವಲನ್ನು. ಇದು ತಯಾರಿಕೆಯ ದೋಷವಲ್ಲ, ಆಯ್ಕೆಯ ದೋಷ. ಘಟ್ಟದ ನೆತ್ತಿಯಲ್ಲಿ ಗಾಳಿಯ ಹೊಡೆತ ಜೋರು, ಮಣ್ಣು ತೆಳು. ಅಲ್ಲಿ ಹುಲ್ಲು ಹಬ್ಬುತ್ತದೆ, ಕಾಡು ಗುಡ್ಡಗಳ ಮಡಿಕೆಗಳಲ್ಲಿ, ಹಳ್ಳ ಹರಿಯುವ ಕೊರಕಲುಗಳಲ್ಲಿ ಅವಿತು ಕೂರುತ್ತದೆ. ಅದನ್ನೇ ಶೋಲಾ ಅನ್ನುತ್ತಾರೆ. ಮುಗಿಲೆತ್ತರದ ನಿತ್ಯಹರಿದ್ವರ್ಣದ ಕಾಡು ಇರುವುದು ಇನ್ನೂ ಕೆಳಗೆ. ಶಿಖರದ ಹೆಸರು ನೋಡಿ ಟಿಕೆಟ್ ಕೊಂಡವರು ಆ ಕಾಡನ್ನು ಜೀಪಿನ ಕಿಟಕಿಯಿಂದ ನೋಡಿ, ಬೇಗ ಮುಗಿಯಲಿ ಎಂದು ಹಾರೈಸುತ್ತಾರೆ.

ಕುದುರೆಮುಖ ಮಾದರಿ: 1,894 ಮೀಟರ್. ಕಳಸದ ಕಡೆಯಿಂದ ಬಂದು ಮುಳ್ಳೋಡಿಯಲ್ಲಿ ನಡಿಗೆ ಶುರು, ಹೋಗಿ ಬರಲು ಸುಮಾರು 20 ಕಿಲೋಮೀಟರ್. ಹಳ್ಳಗಳು, ಶೋಲಾ ತುಣುಕುಗಳು, ಕಣ್ಣು ಹರಿದಷ್ಟೂ ಹುಲ್ಲು. ಅತಿ ಸುಂದರ, ಅತಿ ಜನಪ್ರಿಯ. ಎರಡನೆಯದು ಮೊದಲನೆಯದನ್ನು ತಿನ್ನುತ್ತ ಬಂದಿದೆ. ಗೈಡ್ ಒಳ್ಳೆಯವರಾದರೆ ಇಲ್ಲಿನ ಕಬ್ಬಿಣದ ಅದಿರಿನ ಗಣಿ 2005ರ ಕೊನೆಗೆ ಸುಪ್ರೀಂ ಕೋರ್ಟ್ ತೀರ್ಪಿನಂತೆ ನಿಲ್ಲಲು ಯಾರು ಯಾರು ಹೋರಾಡಿದರು, ನಿಂತದ್ದರಿಂದ ಯಾರ ಕೆಲಸ ಹೋಯಿತು, ಎರಡನ್ನೂ ಹೇಳುತ್ತಾರೆ. ಒಂದನ್ನೇ ಹೇಳಿದರೆ ಇನ್ನೊಂದನ್ನು ನೀವೇ ಕೇಳಿ.

ಕುಮಾರಪರ್ವತ ಮಾದರಿ: 1,712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ಹತ್ತಿದರೆ ಗಿರಿಗದ್ದೆ ಸೇರುವ ತನಕ ದಟ್ಟ ಕಾಡು, ಆಮೇಲೆ ನೆತ್ತಿ ಸುಡುವ ಹುಲ್ಲುಬೆಟ್ಟ. ಒಂದೇ ದಿನದಲ್ಲಿ ಹತ್ತಿಳಿಯುತ್ತೇವೆ ಎಂದು ಹೊರಡುವವರ ಮಂಡಿಗಳು ಸೋಮವಾರ ಕಚೇರಿಯ ಮೆಟ್ಟಿಲು ಕಂಡು ಅಳುತ್ತವೆ. ಈ ಮಾದರಿಯ ಗುಟ್ಟು ಏನೆಂದರೆ, ಗಿರಿಗದ್ದೆಯವರೆಗೆ ಹೋಗಿ ಹಿಂದಿರುಗಿದವರು ಮಳೆಕಾಡನ್ನು ಪೂರ್ತಿ ನೋಡಿರುತ್ತಾರೆ. ಆದರೆ ‘ಅರ್ಧಕ್ಕೆ ಬಂದೆ’ ಎಂದು ಸ್ನೇಹಿತರಿಗೆ ಹೇಳುವ ಧೈರ್ಯ ಬೇಕು. ಅದು ಬೆಟ್ಟ ಹತ್ತುವ ಧೈರ್ಯಕ್ಕಿಂತ ದೊಡ್ಡದು.

ನರಸಿಂಹಪರ್ವತ ಮಾದರಿ: 1,152 ಮೀಟರ್. ಆಗುಂಬೆಯ ಕಾಡಿನ ಕಡೆಯಿಂದಲೂ ಶೃಂಗೇರಿ ಹತ್ತಿರದ ಕಿಗ್ಗದಿಂದಲೂ ದಾರಿಯಿದೆ. ದಾರಿಯ ಬಹುಪಾಲು ಮರಗಳ ಕೆಳಗೇ. ಕಿಗ್ಗದಲ್ಲಿರುವುದು ಋಷ್ಯಶೃಂಗನ ದೇವಸ್ಥಾನ, ಬರಗಾಲದಲ್ಲಿ ಮಳೆಗಾಗಿ ನಾಡಿನ ಜನ ಪೂಜೆ ಸಲ್ಲಿಸುವ ಜಾಗ. ಚಾರಣದ ಬೆಳಿಗ್ಗೆ ಅಲ್ಲಿ ಕೈಮುಗಿಯುವವರು ತಾವು ಏನು ಬೇಡುತ್ತಿದ್ದೇವೆ ಎಂಬುದನ್ನು ಸ್ಪಷ್ಟವಾಗಿ ಹೇಳಿಕೊಳ್ಳುವುದು ಒಳಿತು.

ನೋಟವಿಲ್ಲದ ಮಾದರಿ: ಇದಕ್ಕೆ ಗಿರಾಕಿ ಕಡಿಮೆ, ಸರಕು ಅಪ್ಪಟ. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನಂಥ ಕಡೆ ರಾಮಪತ್ರೆ ಜಡ್ಡಿಗಳಿವೆ. ಜಡ್ಡಿ ಎಂದರೆ ಕಾಡಿನೊಳಗಿನ ಸಿಹಿನೀರಿನ ಜೌಗು. ಕೆಸರಿನೊಳಗೆ ಬೇರಿಗೆ ಉಸಿರು ಸಿಗುವುದಿಲ್ಲವೆಂದು ಮರಗಳು ಬೇರನ್ನು ನೆಲದ ಮೇಲಕ್ಕೆತ್ತಿ, ಮೊಣಕಾಲಿನ ಹಾಗೆ ಮಡಿಸಿ, ಮತ್ತೆ ಒಳಗಿಳಿಸುತ್ತವೆ. ಗೇರಿನ ಬಂಧುವಾದ ಒಂದು ಅಪರೂಪದ ಮರವನ್ನು ಇಲ್ಲಿಂದ 2000ದಲ್ಲಿ ಹೊಸ ಪ್ರಭೇದವೆಂದು ಗುರುತಿಸಿ, ಕತ್ತಲೆಕಾನಿನ ಹೆಸರನ್ನೇ ಇಟ್ಟಿದ್ದಾರೆ. ಶಿಖರವಿಲ್ಲ, ಬಾವುಟ ಹಿಡಿದು ಫೋಟೊ ತೆಗೆಸಿಕೊಳ್ಳುವ ಬಂಡೆಯಿಲ್ಲ. ಅರಣ್ಯ ಇಲಾಖೆಯ ಅನುಮತಿ ಮತ್ತು ಊರಿನ ಬಲ್ಲವರು, ಎರಡೂ ಇದ್ದರೆ ಮಾತ್ರ ಕಾಲಿಡಿ.

3. ಜಾಹೀರಾತನ್ನು ಓದುವ ವಿಧಾನ

ಆಯೋಜಕರ ಭಾಷೆಗೆ ತನ್ನದೇ ನಿಘಂಟಿದೆ. ಹೆಚ್ಚು ಬಳಕೆಯ ಮಾತುಗಳನ್ನು ಕೆಳಗೆ ಕೊಟ್ಟಿದೆ.

‘ಸುಲಭದಿಂದ ಮಧ್ಯಮ’: ಬರೆದವರಿಗೆ ಇಪ್ಪತ್ತಮೂರು ವರ್ಷ.

‘ಯಾರಿಗೂ ಗೊತ್ತಿಲ್ಲದ ಜಲಪಾತ’: ಕಳೆದ ಶನಿವಾರ ಅಲ್ಲಿ ಸಾಲಿನಲ್ಲಿ ನಿಲ್ಲಬೇಕಾಯಿತು.

‘ಕಾಡಿನ ನಡುವೆ ಹೋಂಸ್ಟೇ’: ಶೀಟಿನ ಹಾಲ್, ಇಪ್ಪತ್ತು ಹಾಸಿಗೆ, ಎರಡು ಬಚ್ಚಲು. ಬೆಳಿಗ್ಗೆ ಐದಕ್ಕೆ ಬಚ್ಚಲಿನ ಮುಂದೆ ಗುಂಪಿನ ನಿಜವಾದ ಪರಿಚಯ ಆಗುತ್ತದೆ.

‘ಕ್ಯಾಂಪ್‌ಫೈರ್ ಮತ್ತು ಮ್ಯೂಸಿಕ್’: ಕಪ್ಪೆಗಳ ಕೂಗು ನಿಮ್ಮ ಪ್ಯಾಕೇಜಿನಲ್ಲಿ ಸೇರಿಲ್ಲ.

‘ಪರ್ಮಿಟ್ ನಾವು ನೋಡ್ಕೋತೀವಿ ಬ್ರೋ’: ನೋಡಿಲ್ಲ.

ಕೊನೆಯದರ ಬಗ್ಗೆ ವಿವರಣೆ ಅಗತ್ಯ. 2024ರ ಜನವರಿಯಲ್ಲಿ, ಗಣರಾಜ್ಯೋತ್ಸವದ ಸಾಲುರಜೆಗೆ ಕುಮಾರಪರ್ವತದ ಬುಡದಲ್ಲಿ ಸೇರಿದ ಜನಜಂಗುಳಿಯ ಚಿತ್ರಗಳು ನಾಡಿನ ಎಲ್ಲರ ಮೊಬೈಲಿಗೂ ಬಂದವು. ಸರ್ಕಾರ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆಗಳಲ್ಲಿ ಚಾರಣವನ್ನೇ ನಿಲ್ಲಿಸಿತು. ಅದೇ ವರ್ಷ ಅಕ್ಟೋಬರಿನಲ್ಲಿ ‘ಅರಣ್ಯ ವಿಹಾರ’ ಎಂಬ ಜಾಲತಾಣ ಬಂತು, ಒಂದು ಪಥಕ್ಕೆ ದಿನಕ್ಕೆ 300 ಮಂದಿ ಎಂಬ ಮಿತಿಯೂ ಬಂತು. ಆದ್ದರಿಂದ ಆಯೋಜಕರಿಗೆ ಹಣ ಕಳಿಸುವ ಮುನ್ನ ನಿಮ್ಮ ಹೆಸರಿನ ಟಿಕೆಟ್ ಕೇಳಿ. ‘ಗೇಟಲ್ಲಿ ಮಾತಾಡ್ಕೋಬಹುದು’ ಎಂಬ ಉತ್ತರ ಬಂದರೆ, ಗೇಟಿನಲ್ಲಿ ಮಾತಾಡಲು ಅವರೊಬ್ಬರೇ ಹೋಗಲಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಪಥಗಳನ್ನು ಮುಚ್ಚುತ್ತಾರೆ, ಭಾರೀ ಮಳೆಗೂ ಮುಚ್ಚುತ್ತಾರೆ. ಮುಚ್ಚಿದ್ದಾರೆ ಎಂಬ ಸುದ್ದಿಯನ್ನು ತಾನಾಗಿಯೇ ಹೇಳಿ ಹಣ ಮರಳಿಸುವ ಆಯೋಜಕ ಸಿಕ್ಕರೆ ಅವರ ನಂಬರನ್ನು ಜೋಪಾನ ಮಾಡಿ.

4. ಮಾರ್ಗದರ್ಶಿಯನ್ನು ಗುರುತಿಸುವುದು

ಇದು ಇಡೀ ಉತ್ಪನ್ನದ ಮುಖ್ಯ ಭಾಗ. ಮಿಕ್ಕದ್ದೆಲ್ಲ ಇದರ ಸುತ್ತ ಸುತ್ತಿದ ಥರ್ಮೊಕೋಲ್.

ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇಬ್ಬರಿರುತ್ತಾರೆ. ಒಬ್ಬರು ಬೆಂಗಳೂರಿನಿಂದಲೇ ಜೊತೆಗೆ ಬಂದ ಟ್ರೆಕ್ ಲೀಡರ್. ಕಂಪನಿಯ ಟಿ-ಶರ್ಟ್, ಕೊರಳಲ್ಲಿ ಸೀಟಿ, ಬಸ್ಸಿನಲ್ಲಿ ಅಂತ್ಯಾಕ್ಷರಿ ಆಡಿಸುವ ಹೊಣೆ. ಇನ್ನೊಬ್ಬರು ಬೆಳಿಗ್ಗೆ ಜೀಪಿನ ಹಿಂದೆ ನೇತಾಡಿಕೊಂಡು ಬರುತ್ತಾರೆ. ಕಾಲಿಗೆ ಪ್ಲಾಸ್ಟಿಕ್ ಚಪ್ಪಲಿ ಅಥವಾ ಗಂಬೂಟು, ಸೊಂಟಕ್ಕೆ ಕತ್ತಿ, ತಲೆಗೆ ಅಡಿಕೆ ಹಾಳೆಯ ಟೊಪ್ಪಿ. ಇವರ ಪರಿಚಯವನ್ನು ಯಾರೂ ಮಾಡಿಕೊಡುವುದಿಲ್ಲ. ನೀವು ಹಣ ಕೊಟ್ಟಿರುವುದು ಇವರಿಗಾಗಿ. ಅದರಲ್ಲಿ ಇವರಿಗೆ ಎಷ್ಟು ತಲುಪುತ್ತದೆ ಎಂದು ಕೇಳುವುದು ಗ್ರಾಹಕರ ಹಕ್ಕು.

ಪರೀಕ್ಷೆಗೆ ಒಂದೇ ಪ್ರಶ್ನೆ ಸಾಕು: ‘ಅಣ್ಣ, ಕೊನೇ ಸಲ ಅರ್ಧ ದಾರಿಗೆ ವಾಪಸ್ ಬಂದಿದ್ದು ಯಾವಾಗ?’

‘ಯಾವತ್ತೂ ಇಲ್ಲ, ಎಲ್ಲರನ್ನೂ ಮೇಲೆ ಮುಟ್ಟಿಸ್ತೀವಿ’ ಎಂಬ ಉತ್ತರ ಬಂದರೆ ಹುಷಾರಾಗಿ. ಅಂಥವರು ಕಾಡಿಗೆ ಹೊಸಬರು, ಇಲ್ಲವೇ ನಿಮ್ಮಂಥವರನ್ನು ನೋಡಿ ನೋಡಿ ಸುಸ್ತಾದವರು. ‘ಹೋದ ವಾರವೇ ಸಾರ್. ಹಳ್ಳ ಏರಿತ್ತು. ಹೋಗಬಹುದಿತ್ತು, ವಾಪಸ್ ಬರಕ್ಕೆ ಆಗ್ತಿರಲಿಲ್ಲ’ ಅಂದರೆ ಕಣ್ಣು ಮುಚ್ಚಿಕೊಂಡು ಹಿಂದೆ ನಡೆಯಿರಿ. ಘಟ್ಟದ ಹಳ್ಳಕ್ಕೆ ನೀವು ನಿಂತ ಜಾಗದಲ್ಲಿ ಮಳೆ ಬರಬೇಕಾಗಿಲ್ಲ. ಮೇಲಿನ ಗುಡ್ಡದಲ್ಲಿ ಸುರಿದದ್ದು ಕೆಳಗೆ ಬರುವ ಹೊತ್ತಿಗೆ, ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ನೀರು ಸೊಂಟಕ್ಕೆ ಬಂದಿರುತ್ತದೆ. ನೀರಿನ ಬಣ್ಣ ಕೆಂಪಾಗುವುದನ್ನು, ತರಗೆಲೆ ತೇಲಿ ಬರುವುದನ್ನು ದಡದಲ್ಲಿ ನಿಂತು ನೋಡುವವರಿಗೆ ಅದು ಮುಂಚೆಯೇ ತಿಳಿಯುತ್ತದೆ. ನೀವು ಆಗ ಸೆಲ್ಫಿಯಲ್ಲಿರುತ್ತೀರಿ.

ಎರಡನೆಯ ಲಕ್ಷಣವನ್ನು ನಡಿಗೆಯಲ್ಲೇ ಕಾಣಬಹುದು. ಒಳ್ಳೆಯ ಗೈಡ್ ಇದ್ದಕ್ಕಿದ್ದಂತೆ ನಿಂತು, ಹಿಂದಕ್ಕೆ ಅಂಗೈ ತೋರಿಸುತ್ತಾರೆ. ಮುಂದೆ ಏನೂ ಕಾಣುವುದಿಲ್ಲ. ದಾರಿಗೆ ಬಾಗಿದ ಒಂದು ಬಳ್ಳಿ, ಅದರ ಮೇಲೆ ಪಾಚಿ. ‘ಬಳ್ಳಿ ಹಿಡ್ಕೋಬೇಡಿ ಮೇಡಂ’ ಅನ್ನುತ್ತಾರೆ. ಇನ್ನೊಂದು ಸಲ ನೋಡಿದರೆ ಪಾಚಿಗೆ ತ್ರಿಕೋನದ ತಲೆ ಇದೆ, ಕಣ್ಣಿಗೂ ಮೂಗಿಗೂ ನಡುವೆ ಸಣ್ಣ ಗುಳಿ ಇದೆ. ಮಲಬಾರ್ ಗುಳಿಮಂಡಲ. ಹಸಿರು, ಕಂದು, ಹಳದಿ, ಒಂದೊಂದು ಒಂದೊಂದು ಬಣ್ಣ. ಆ ಗುಳಿಯಿಂದ ಅದು ಬೆಚ್ಚಗಿನ ಮೈಯನ್ನು ಕತ್ತಲಲ್ಲೂ ಗುರುತಿಸುತ್ತದೆ, ಹಾಗಾಗಿ ನೀವು ಬಂದಿರುವುದು ನಿಮಗೆ ಅದು ಕಾಣುವ ಮೊದಲೇ ಅದಕ್ಕೆ ಗೊತ್ತು. ಗಂಟೆಗಟ್ಟಲೆ ಅಲುಗದೆ ಕೂರುವುದು ಅದರ ಕಸುಬು. ನಮ್ಮ ಆಸ್ಪತ್ರೆಗಳಲ್ಲಿರುವ ಪ್ರತಿವಿಷ ತಯಾರಾಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷದಿಂದ. ಗುಳಿಮಂಡಲ ಆ ಪಟ್ಟಿಯಲ್ಲಿಲ್ಲ, ಆಗುಂಬೆಯ ಹೆಸರುವಾಸಿ ಕಾಳಿಂಗವೂ ಇಲ್ಲ. ಹಾಗಾಗಿ ಆ ಅಂಗೈಗೇ ನಿಮ್ಮ ಪ್ಯಾಕೇಜಿನ ಅರ್ಧ ಬೆಲೆ ಸಲ್ಲಬೇಕು.

5. ಜೋಡಣೆ

ಬೂಟು: ‘ಜಲನಿರೋಧಕ’ ಎಂದು ಬರೆದಿರುವ ಬೂಟಿನೊಳಕ್ಕೆ ನೀರು ಮೇಲಿನಿಂದ ಬರುತ್ತದೆ, ಆಮೇಲೆ ಹೊರಗೆ ಹೋಗುವುದಿಲ್ಲ. ಹಿಡಿತವಿರುವ ಅಟ್ಟೆ ನೋಡಿ ಕೊಳ್ಳಿ, ನೀರು ತಡೆಯುವ ಆಸೆ ಬಿಡಿ.

ಬಟ್ಟೆ: ತುಂಬುತೋಳು, ಉದ್ದ ಪ್ಯಾಂಟು, ಬೇಗ ಒಣಗುವಂಥದು. ಜೀನ್ಸ್ ಧರಿಸಿದವರು ಮಧ್ಯಾಹ್ನದ ಹೊತ್ತಿಗೆ ತಮ್ಮ ತೂಕದ ಜೊತೆಗೆ ಆಗುಂಬೆಯ ತೂಕವನ್ನೂ ಹೊರುತ್ತಾರೆ.

ಇಂಬಳ: ಈ ಭಾಗಕ್ಕೆ ಪ್ರತ್ಯೇಕ ತರಬೇತಿ ಬೇಕು. ನೀವು ನಿಂತ ಕೂಡಲೇ ತರಗೆಲೆಯ ಅಂಚಿನಲ್ಲಿ ಕಪ್ಪು ದಾರದ ತುಂಡೊಂದು ಎದ್ದು ನಿಂತು, ಗಾಳಿಯಲ್ಲಿ ತೂಗುತ್ತದೆ. ನೆಲದ ಅದುರಾಟ, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ಎಲ್ಲವನ್ನೂ ಅದು ಲೆಕ್ಕ ಹಾಕುತ್ತಿದೆ. ಆಮೇಲೆ ಗೇಣು ಹಾಕುತ್ತ ಬೂಟಿಗೆ ಬಂದು, ಲೇಸಿನ ತೂತಿನಲ್ಲಿ ಸಣ್ಣಗಾಗಿ, ಕಾಲುಚೀಲದ ಹೆಣಿಗೆಯೊಳಗೆ ನುಸುಳುತ್ತದೆ. ಕಚ್ಚಿದ್ದು ನಿಮಗೆ ಗೊತ್ತಾಗುವುದಿಲ್ಲ. ಹೋಂಸ್ಟೇಗೆ ಬಂದು ಕಾಲುಚೀಲ ತೆಗೆದಾಗ ದ್ರಾಕ್ಷಿಯಷ್ಟು ಊದಿದ್ದು ಉರುಳಿ ಬೀಳುತ್ತದೆ, ರಕ್ತ ಮಾತ್ರ ನಿಲ್ಲುವುದಿಲ್ಲ. ಅದರ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಸ್ತು ಇದೆ. ಹತ್ತಿ ಒತ್ತಿ ಹಿಡಿದು ಕಾಯುವುದಷ್ಟೇ ಕೆಲಸ. ಕಚ್ಚಿಕೊಂಡಿರುವಾಗ ಕಂಡರೆ ಎಳೆಯಬೇಡಿ. ಬಾಯಿ ಅಂಟಿದ ಕಡೆ ಉಗುರು ಸರಿಸಿ ಬಿಡಿಸಿ. ಹಿಂದಿರುಗುವ ಬಸ್ಸು ಬೇಲೂರು ಮುಟ್ಟುವಷ್ಟರಲ್ಲಿ ಚೀರುವವರ ಗುಂಪು ಎರಡಾಗಿರುತ್ತದೆ: ಉಪ್ಪು ಹಾಕುವವರು, ಸುಣ್ಣ ಹೊಗೆಸೊಪ್ಪಿನವರು. ಇಬ್ಬರಿಗೂ ಕಚ್ಚಿರುತ್ತದೆ.

ಉಣ್ಣಿ: ಇದರಲ್ಲಿ ತಮಾಷೆ ಇಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣ್ಣಿಗಳೇ. ಮಳೆಗಾಲ ಮುಗಿದು ಕಾಡು ಒಣಗುತ್ತ ಬಂದಂತೆ, ಡಿಸೆಂಬರಿನಿಂದ ಮೇ ತನಕ ಅದರ ಕಾಲ. ಊರಿನವರು ‘ಆ ಕಡೆ ಮಂಗ ಸತ್ತಿದೆ, ಹೋಗಬೇಡಿ’ ಅಂದರೆ ಅದು ಮೂಢನಂಬಿಕೆಯಲ್ಲ, ಎಷ್ಟೋ ಸಾವು ಕಂಡ ಮಲೆನಾಡಿನ ಅನುಭವ. ಆರೋಗ್ಯ ಇಲಾಖೆ ಕೊಡುವ ಡೀಪಾ ಎಣ್ಣೆಯನ್ನು ಅವರು ಕಾಡಿಗೆ ಹೋಗುವಾಗ ಕೈಕಾಲಿಗೆ ಹಚ್ಚಿಕೊಳ್ಳುತ್ತಾರೆ. ಅವರು ಹಚ್ಚಿಕೊಂಡದ್ದನ್ನು ನೀವೂ ಹಚ್ಚಿಕೊಳ್ಳಿ.

6. ತೊಂದರೆಗಳು ಮತ್ತು ಪರಿಹಾರ

ತೊಂದರೆ: ಮೇಲೆ ಹೋದರೂ ಏನೂ ಕಾಣುತ್ತಿಲ್ಲ, ಎಲ್ಲ ಬಿಳಿ.
ಕಾರಣ: ಮಂಜು. ಸಮುದ್ರದಿಂದ ಬಂದ ಒದ್ದೆ ಗಾಳಿಯನ್ನು ಘಟ್ಟ ಮೇಲಕ್ಕೆತ್ತಿ ತಣಿಸುವುದರಿಂದಲೇ ಈ ಕಾಡು ಇದೆ. ನೀವು ನಿಂತಿರುವುದು ಕಾರ್ಖಾನೆಯೊಳಗೆ.
ಪರಿಹಾರ: ದೂರದ್ದನ್ನು ಬಿಡಿ, ಒಂದು ಮೊಳ ದೂರದ ಮರದ ತೊಗಟೆ ನೋಡಿ. ಪಾಚಿ, ಸೀತಾಳೆ ದಂಡೆ, ಎಲೆಯಡಿ ಉಗುರಿನಷ್ಟು ಕಪ್ಪೆ.

ತೊಂದರೆ: ಒಂದು ಪ್ರಾಣಿಯೂ ಕಾಣಲಿಲ್ಲ.
ಕಾರಣ: ಯಾರದೋ ಬ್ಯಾಗಿನಲ್ಲಿ ಬ್ಲೂಟೂತ್ ಸ್ಪೀಕರ್ ಇದೆ.
ಪರಿಹಾರ: ಅದರ ಬ್ಯಾಟರಿ ಮುಗಿಯುವುದನ್ನು ಕಾಯಿರಿ, ಅಥವಾ ಮುಗಿಸಿ. ಆಮೇಲೆ ತಲೆಯೆತ್ತಿ ನೋಡಿ. ಸಿಂಗಳೀಕ ನೆಲಕ್ಕಿಳಿಯುವುದು ಅಪರೂಪ, ಅದರ ಸಂಸಾರವೆಲ್ಲ ಮರದ ನೆತ್ತಿಯಲ್ಲಿ. ಪಶ್ಚಿಮಘಟ್ಟ ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲೂ ಅದು ಇಲ್ಲ.

ತೊಂದರೆ: ಗೈಡ್ ಮಾತೇ ಆಡುವುದಿಲ್ಲ.
ಕಾರಣ: ಮೂವತ್ತು ಜನರ ಸಾಲಿನ ಮುಂದೆ ಅವರು, ಹಿಂದೆ ನೀವು.
ಪರಿಹಾರ: ಹತ್ತು ಜನರಿಗಿಂತ ದೊಡ್ಡ ಗುಂಪಿಗೆ ಸೇರಬೇಡಿ. ಅವರ ಹಿಂದೆಯೇ ನಡೆಯಿರಿ. ‘ಈ ಮರ ಯಾವುದು’ ಎಂದು ಒಮ್ಮೆ ಕೇಳಿ ನೋಡಿ. ಧೂಪ, ಬಗಿನೆ, ಉಪ್ಪಾಗೆ ಅಂತ ಶುರುವಾಗಿ, ಉಪ್ಪಾಗೆ ಸಿಪ್ಪೆಗೆ ಈ ವರ್ಷ ಎಷ್ಟು ರೇಟು ಎಂಬಲ್ಲಿಗೆ ಮುಟ್ಟುತ್ತದೆ. ಕಾಡಿನ ಪಾಠ ಅಲ್ಲಿಂದ ಮುಂದಕ್ಕಿದೆ.

ತೊಂದರೆ: ಮಧ್ಯಾಹ್ನ ಮೂರಕ್ಕೇ ಕತ್ತಲಾದಂತಿದೆ.
ಕಾರಣ: ಮೇಲೆ ಮೋಡ, ಅದರ ಕೆಳಗೆ 30 ಮೀಟರ್ ಎತ್ತರದ ಮರಗಳ ಚಪ್ಪರ.
ಪರಿಹಾರ: ಹಿಂದಿರುಗುವ ಹೊತ್ತನ್ನು ಬೆಳಿಗ್ಗೆಯೇ ಗೊತ್ತು ಮಾಡಿ. ಆ ಹೊತ್ತಿಗೆ ಎಲ್ಲಿದ್ದೀರೋ ಅದೇ ಶಿಖರ.

ತೊಂದರೆ: ಮನೆಗೆ ಬಂದು ವಾರದೊಳಗೆ ಜೋರು ಜ್ವರ, ತಲೆನೋವು, ಮೈಕೈ ನೋವು.
ಪರಿಹಾರ: ಗೂಗಲ್ ಬಿಡಿ, ಡಾಕ್ಟರ ಹತ್ತಿರ ಹೋಗಿ. ಯಾವ ಕಾಡಿಗೆ, ಯಾವ ದಿನ ಹೋಗಿದ್ದಿರಿ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳಿ.

7. ವಾರಂಟಿ ಮತ್ತು ಷರತ್ತುಗಳು

ಈ ಉತ್ಪನ್ನಕ್ಕೆ ಶಿಖರದ ಖಾತರಿ ಇಲ್ಲ. ಬಿಸ್ಕತ್ತಿನ ಪೊಟ್ಟಣ, ನೀರಿನ ಬಾಟಲಿ, ಗುಟ್ಕಾ ಚೀಟಿ ಕಾಡಿನಲ್ಲಿ ಬಿಟ್ಟರೆ ವಾರಂಟಿ ಅಲ್ಲೇ ರದ್ದು. ಗೇಟಿನಲ್ಲಿ ಬ್ಯಾಗು ಬಿಚ್ಚಿಸಿ ಪ್ಲಾಸ್ಟಿಕ್ ಎಣಿಸುವ ಅರಣ್ಯ ಸಿಬ್ಬಂದಿಯ ಜೊತೆ ‘ನಾವು ಓದಿದವರು’ ಎಂದು ವಾದಿಸಿದರೂ ರದ್ದು.

ಮಾರ್ಗದರ್ಶಿ ‘ಸಾಕು ಸಾರ್, ಇಳಿಯೋಣ’ ಅಂದ ಕ್ಷಣಕ್ಕೆ ಸೇವೆ ಸಂಪೂರ್ಣವಾಗಿ ಸಂದಾಯವಾಯಿತೆಂದು ತಿಳಿಯತಕ್ಕದ್ದು. ದಾರಿಯನ್ನು ಫೋನಿನ ನಕ್ಷೆಯೂ ತೋರಿಸುತ್ತದೆ. ‘ಇಳಿಯೋಣ’ ಎಂಬ ಮಾತನ್ನು ಹೇಳಲು ಮಾತ್ರ ಅಲ್ಲಿನ ಹಳ್ಳವನ್ನು ಹಲವು ಮಳೆಗಾಲ ನೋಡಿರಬೇಕು. ಆದ್ದರಿಂದ ನಡೆಯದೆ ಉಳಿದ ಕಿಲೋಮೀಟರುಗಳ ಹಣವನ್ನು ವಾಪಸ್ ಕೇಳುವಂತಿಲ್ಲ. ಸಾಧ್ಯವಿದ್ದವರು ಕೈಯಿಂದ ಇನ್ನಷ್ಟು ಸೇರಿಸಿ, ನೇರವಾಗಿ ಅವರ ಕೈಗೇ ಕೊಡತಕ್ಕದ್ದು.

ಇಷ್ಟಾಗಿಯೂ ಸಿಟ್ಟು ಇಳಿಯದಿದ್ದರೆ ಊರಿಗೆ ಹೋಗಿ, ‘ಶಿಖರ ಕಾಣುತ್ತಿದ್ದರೂ ಗೈಡ್ ನಮ್ಮನ್ನು ಹತ್ತಲು ಬಿಡಲಿಲ್ಲ’ ಎಂದು ವಿಮರ್ಶೆ ಬರೆದು ಒಂದೇ ನಕ್ಷತ್ರ ಕೊಡಿ. ಮುಂದಿನ ವಾರ ಗೈಡ್ ಹುಡುಕುತ್ತಿರುವ ಬುದ್ಧಿವಂತರಿಗೆ ಅದಕ್ಕಿಂತ ಒಳ್ಳೆಯ ಶಿಫಾರಸು ಸಿಗಲಾರದು.